ಗಂಧಕ ತೊಳೆದ ಜೋಳ

ಧಾರವಾಡ
೧೪ ಅಕ್ಟೋಬರ್ ೨೦೨೪

ಅನ್ನವ್ವತ್ತೆಗೆ ಸುಧಾರಾಣಿಯ ನಮಸ್ಕಾರ.

ಯಾವ ಸುಧಾರಾಣಿ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಾನಗಲ್ಲಿನ ನಿಮ್ಮ ಅಣ್ಣ ಕರಬಸಪ್ಪನ ಮಗಳು. ನೀವು ನನ್ನನ್ನು ನೋಡಿದ್ದು ಒಂದೇ ಸಲ, ನಿಮ್ಮವ್ವ ಕರೆವ್ವಜ್ಜಿ ತೀರಿಕೊಂಡ ದಿನ. ಆಗ ನನಗೆ ಹತ್ತು ವರ್ಷ. ನೀವು ಅಂಗಳದಲ್ಲಿ ನಿಂತು ಅಳುತ್ತಿದ್ದಿರಿ. ನಾನು ಒಂದು ತಂಬಿಗೆ ನೀರು ತಂದು ಕೊಟ್ಟೆ. "ಬ್ಯಾಡವಾ ಕೂಸ" ಎಂದು ನನ್ನ ತಲೆ ಸವರಿದಿರಿ, ಮಣ್ಣು ಮುಗಿದ ಕೂಡಲೇ ಹೊರಟುಹೋದಿರಿ. ಸ್ವಂತ ಅತ್ತೆ ನಮ್ಮ ಮನೆಯ ನೀರು ಯಾಕೆ ಕುಡಿಯಲಿಲ್ಲ ಎಂದು ಅವ್ವನನ್ನು ಕೇಳಿದೆ. ಅವ್ವ ಪಾತ್ರೆ ತಿಕ್ಕುತ್ತ ಕೂತಳು. ಅಪ್ಪನನ್ನು ಕೇಳುವ ಧೈರ್ಯ ಆಗ ಇರಲಿಲ್ಲ, ಈಗಲೂ ಇಲ್ಲ.

ನಾನೀಗ ಇಲ್ಲಿ ಕೃಷಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಬೆಳೆಗಳ ರೋಗದ ವಿಷಯ. ನನ್ನ ಪಾಲಿಗೆ ಬಂದದ್ದು ಕಾಡಿಗೆ ರೋಗ. ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ ತುಂಬಿಕೊಳ್ಳುತ್ತದಲ್ಲ, ಅದು. ಅದೊಂದು ಬಗೆಯ ಬೂಷ್ಟು, ಮತ್ತು ಅದಕ್ಕೆ ನಮ್ಮ ನಿಮ್ಮ ಹಾಗೆ ಒಂದು ಮನೆತನವೇ ಇದೆ. ಜೋಳಕ್ಕೆ ಬರುವುದು ಒಬ್ಬ, ಗೋವಿನಜೋಳಕ್ಕೆ ಬರುವುದು ಅವನ ತಮ್ಮ, ಕಬ್ಬಿಗೆ ಬರುವುದು ಚಿಕ್ಕಪ್ಪನ ಮಗ. ಬದುವಿನ ಹುಲ್ಲನ್ನೂ ಬಿಟ್ಟಿಲ್ಲ. ಪುಸ್ತಕದಲ್ಲಿ ಈ ಮನೆತನದ ಹೆಸರು ಉಸ್ಟಿಲಾಜಿನೇಸಿ. ಸುಟ್ಟದ್ದು ಎಂಬ ಅರ್ಥದ ಹಳೆಯ ಮಾತಿನಿಂದ ಬಂದ ಹೆಸರಂತೆ.

ಜೋಳದ ಕಾಡಿಗೆ ಬೀಜದ ಮೈಗೆ ಅಂಟಿಕೊಂಡೇ ಹೊಲಕ್ಕೆ ಬರುತ್ತದೆ. ಮೊಳಕೆಯೊಡೆಯುವಾಗ ಒಳಗೆ ಸೇರಿ, ತಿಂಗಳುಗಟ್ಟಲೆ ದಂಟಿನೊಳಗೆ ಸುಮ್ಮನಿರುತ್ತದೆ. ಪೈರು ಹಸಿರಾಗಿ ಎತ್ತರಕ್ಕೆ ಬೆಳೆಯುವುದರಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ತೆನೆ ಬಂದ ಮೇಲೆಯೇ ಗೊತ್ತಾಗುವುದು.

ನನ್ನ ಕೆಲಸಕ್ಕೆ ಹಳೆಯ ಜೋಳದ ತಳಿಗಳು ಬೇಕಾಗಿವೆ. ನಮ್ಮ ಮನೆಯಲ್ಲಿ ಹಿಂದೆ ಒಂದು ಬಿಳಿಜೋಳ ಇತ್ತು, ಊರಿನವರು ಅದನ್ನು ಕರೆವ್ವನ ಜೋಳ ಎನ್ನುತ್ತಿದ್ದರು ಎಂದು ಕೇಳಿದ್ದೇನೆ. ಈಗ ನಮ್ಮ ಹೊಲದಲ್ಲಿ ಇರುವುದು ಗೋವಿನಜೋಳ ಮತ್ತು ಕಬ್ಬು. ಅಪ್ಪನಿಗೆ ಕೇಳಿದರೆ "ಆ ಜೋಳದ ಮಾತು ತಗೀಬ್ಯಾಡ" ಎಂದು ಎದ್ದು ಹೋದರು. ನಿಮ್ಮ ಹತ್ತಿರ ಆ ಬೀಜ ಇದ್ದರೆ ತಿಳಿಸಿರಿ. ನಿಮ್ಮ ಫೋನ್ ನಂಬರು ನಮ್ಮ ಮನೆಯಲ್ಲಿ ಯಾರ ಹತ್ತಿರವೂ ಇಲ್ಲ. ಈ ವಿಳಾಸ ಹಳೆಯ ಲಗ್ನಪತ್ರಿಕೆಯೊಂದರಲ್ಲಿ ಸಿಕ್ಕಿತು.

ನೀವು ಒಂದೇ ಸಲ ಕಂಡ ನಿಮ್ಮ ಸೋದರಸೊಸೆ,
ಸುಧಾರಾಣಿ

---

ಹಿರೇಬೆಂಡಿಗೇರಿ
೨೮ ಅಕ್ಟೋಬರ್ ೨೦೨೪

ಸುಧಾ,

ಪೋಸ್ಟ್‌ಮನ್ ನಿನ್ನ ಕಾಗದ ತಂದಾಗ ಎಲೆಕ್ಷನ್ನಿನವರ ಚೀಟಿ ಇರಬೇಕು ಎಂದು ಗೂಟಕ್ಕೆ ಸಿಕ್ಕಿಸಿದ್ದೆ. ಸಂಜೆ ನಿಮ್ಮ ಮಾವ ಫಕ್ಕೀರೇಶ ಅವರು "ಏ, ಇದರ ಮ್ಯಾಲೆ ನಿನ್ನ ಹೆಸರೈತಿ" ಎಂದು ತಂದುಕೊಟ್ಟರು. ಓದಿ ಎರಡು ಸಲ ಅತ್ತೆ, ಒಂದು ಸಲ ನಕ್ಕೆ. ನಕ್ಕದ್ದು ನಿನ್ನ ಬೂಷ್ಟಿಗೆ ಚಿಕ್ಕಪ್ಪನ ಮಗ ಇದ್ದಾನೆ ಎಂಬುದಕ್ಕೆ.

ಕರೆವ್ವನ ಜೋಳ ನನ್ನ ಹತ್ತಿರ ಇದೆ. ನಾವೂ ಗೋವಿನಜೋಳವನ್ನೇ ಬಿತ್ತುವುದು, ಆದರೆ ಬಾವಿಯ ಕಡೆಗೆ ಆರು ಸಾಲು ಅವ್ವನ ಜೋಳ ತಪ್ಪಿಸಿಲ್ಲ. ನಿಮ್ಮಪ್ಪನ ಮನೆಯಲ್ಲಿ ಹೋದ ಬೀಜ ನನ್ನ ಮನೆಯಲ್ಲಿ ಉಳಿದಿದೆ. ಇದನ್ನು ಅವನಿಗೆ ಹೇಳಬೇಡ, ಹೊಟ್ಟೆ ಉರಿದೀತು.

ನಿನ್ನ ಕಾಡಿಗೆಯನ್ನು ನೀನು ಈಗ ಓದುತ್ತಿದ್ದೀಯ, ನಾನು ಮತ್ತು ನಿಮ್ಮವ್ವ ಅದನ್ನು ಹಚ್ಚಿಕೊಂಡು ಬೆಳೆದವರು. ನಿಮ್ಮವ್ವನ ತವರು ನಮ್ಮ ಮನೆಯಿಂದ ಎರಡು ಓಣಿ ಆಚೆ, ಗೊತ್ತಲ್ಲ. ಒಂದೇ ಸಾಲೆ, ಒಂದೇ ಬೆಂಚು. ನಾನು ಅನ್ನಿ, ಅವಳು ಮಂಜಿ. ಸಾಲೆ ಬಿಟ್ಟು ಬರುವ ದಾರಿಯಲ್ಲಿ ದ್ಯಾಮಪ್ಪನ ಹೊಲ. ಅವನು ಬೀಜಕ್ಕೆ ಏನೂ ಹಚ್ಚದೆ ಬಿತ್ತುವ ಆಸಾಮಿ, ಹಾಗಾಗಿ ಅವನ ಹೊಲದಲ್ಲಿ ಕರಿ ತೆನೆ ಬೇಕಾದಷ್ಟು. ಅದನ್ನು ಮುರಿದು ಬೆರಳಿಗೆ ಬಳಿದುಕೊಂಡು ನಾನು ಮಂಜಿಯ ಕಣ್ಣಿಗೆ, ಮಂಜಿ ನನ್ನ ಕಣ್ಣಿಗೆ ಹಚ್ಚುವುದು. ಆಮೇಲೆ ಗಲ್ಲಕ್ಕೆ ದೃಷ್ಟಿಬೊಟ್ಟು. ಆಮೇಲೆ ಮೀಸೆ. ಮನೆಗೆ ಬಂದರೆ ಅವ್ವ "ಹೊಲದ ಮಾರಿ ತಂದು ಮನಿಯಾಗ ಇಡ್ತೀರೇನ" ಎಂದು ಇಬ್ಬರನ್ನೂ ಬಾವಿಗೆ ಎಳೆದುಕೊಂಡು ಹೋಗಿ ತಿಕ್ಕುತ್ತಿದ್ದಳು. ಅವ್ವ ಬೀಜದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕೊಯ್ಲಿಗೆ ಮೊದಲು ತಾನೇ ಹೊಲ ಸುತ್ತಿ ತೆನೆ ಆರಿಸುವಳು, ಒಲೆಯ ಮೇಲೆ ಕಟ್ಟಿ ಹೊಗೆಗೆ ಹಿಡಿಯುವಳು, ಬಿತ್ತುವ ಮುಂಚೆ ಗಂಧಕದ ಪುಡಿ ಹಚ್ಚುವಳು. ಗಂಧಕ ಯಾಕೆಂದು ಅವಳಿಗೆ ಯಾರೂ ಓದಿಸಿರಲಿಲ್ಲ. ನಿನ್ನ ಪುಸ್ತಕದಲ್ಲಿ ಅದರ ಮಾತು ಇದೆಯೇ?

ನೀರು ಯಾಕೆ ಕುಡಿಯಲಿಲ್ಲ ಎಂದು ಕೇಳಿದ್ದೀಯ. ಅರ್ಧ ನಾನು ಹೇಳುತ್ತೇನೆ. ನೀನು ಹುಟ್ಟುವ ವರ್ಷದ ಹಿಂದಿನ ಚೌತಿಗೆ ನಾನು ತವರಿಗೆ ಬಂದಿದ್ದೆ. ನಮ್ಮ ಮನೆಯಲ್ಲಿ ಮಗಳ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಕುಬಸದ ಖಣ, ಸವಣೂರಿನ ವೀಳ್ಯದೆಲೆಯ ಜೊತೆಗೆ ಬಿತ್ತುವ ಜೋಳವನ್ನೂ ಹಾಕುವ ಪದ್ಧತಿ. ಆ ಜೋಳವನ್ನು ತಂದು ಇಲ್ಲಿ ಎರಡು ಎಕರೆ ಬಿತ್ತಿದೆವು. ಎಂಥ ಪೈರು! ನಮ್ಮ ಮಾವನವರು ಹೋಗಿಬರುವವರಿಗೆಲ್ಲ "ಸೊಸಿ ತವರಿನ ಬೀಜ" ಎಂದು ತೋರಿಸುತ್ತಿದ್ದರು. ಎಳ್ಳಮಾಸಿ ಮುಗಿದ ಮೇಲೆ ಸೀತನಿ ತಿನ್ನಲು ಬೀಗರನ್ನೆಲ್ಲ ಹೊಲಕ್ಕೆ ಕರೆದರು. ಕೆಂಡದಲ್ಲಿ ಸುಟ್ಟು ತೆನೆ ತಿಕ್ಕಿದರೆ ಎಳೆಗಾಳು ಉದುರಬೇಕಲ್ಲ, ಕಾಡಿಗೆ ಹಾರಿತು. ಬೀಗರ ಬಿಳಿ ಅಂಗಿ, ಟೋಪಿ, ಬೆಲ್ಲದ ಪರಾತ, ಎಲ್ಲ ಕರಿ. ಮೂರರಲ್ಲಿ ಒಂದು ತೆನೆ ಹಾಗೆಯೇ ಇತ್ತು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಮಾವನವರು ಒಬ್ಬರೇ ನಗಲಿಲ್ಲ. "ತವರಿನಿಂದ ಇದನ್ನ ತಂದಿ ಏನವಾ" ಎಂದರು. ಅವರು ಸಾಯುವವರೆಗೂ ಅದನ್ನು ಮರೆಯಲಿಲ್ಲ.

ಮರುದಿನ ನಾಲ್ಕು ತೆನೆ ಸೆರಗಿನಲ್ಲಿ ಕಟ್ಟಿಕೊಂಡು ಹಾನಗಲ್ಲಿಗೆ ಹೋದೆ. ಅಲ್ಲಿ ಏನಾಯಿತು ಎಂಬ ಇನ್ನರ್ಧವನ್ನು ನಿಮ್ಮವ್ವನನ್ನು ಕೇಳು. ಅವಳು ಅಲ್ಲೇ ಇದ್ದಳು.

ಬೀಜ ಬೇಕಾದರೆ ನೀನೇ ಬಂದು ಒಯ್ಯಿ. ಪೋಸ್ಟಿನಲ್ಲಿ ಕಳಿಸುವುದಿಲ್ಲ.

ನಿನ್ನ ತಲೆ ಇನ್ನೊಮ್ಮೆ ಸವರಬೇಕೆಂದಿರುವ
ಅತ್ತೆ ಅನ್ನವ್ವ

---

ಹಾನಗಲ್
೯ ಡಿಸೆಂಬರ್ ೨೦೨೪

ಅನ್ನಿ,

ಈ ಹೆಸರು ಬರೆದು ನಾಲ್ಕು ದಿನ ಹಾಳೆಯನ್ನು ಹಾಗೇ ಇಟ್ಟಿದ್ದೆ. ಅನ್ನವ್ವನವರಿಗೆ ಎಂದು ಬರೆಯಲು ಕೈ ಬರಲಿಲ್ಲ. ಅನ್ನಿ ಎನ್ನುವ ಹಕ್ಕು ಇದೆಯೋ ಇಲ್ಲವೋ, ನೀನೇ ಹೇಳು.

ಸುಧಾ ದೀಪಾವಳಿಗೆ ಬಂದವಳು ನಿನ್ನ ಕಾಗದ ತೋರಿಸಿದಳು. ದ್ಯಾಮಪ್ಪನ ಹೊಲ ಓದುತ್ತಿದ್ದಂತೆ ನನಗೆ ನಗು ತಡೆಯಲಾಗಲಿಲ್ಲ. ನೀನು ಒಂದು ಮರೆತಿದ್ದೀಯ. ಒಮ್ಮೆ ಮೀಸೆ ಬರೆದುಕೊಂಡೇ ಸಾಲೆಗೆ ಹೋಗಿ, ಹಾಜರಿ ಕರೆಯುವಾಗ ನೀನು ಗಂಡು ದನಿಯಲ್ಲಿ "ಹಾಜರ್ ಸರ್" ಅಂದೆ. ಇಬ್ಬರೂ ಮಧ್ಯಾಹ್ನದವರೆಗೆ ಹೊರಗೆ ನಿಂತೆವು. ಹುಣಸೆಮರದ ಕೆಳಗೆ ನಿಂತು ನೀನು "ನಮ್ಮಣ್ಣನ್ನ ಲಗ್ನಾ ಮಾಡ್ಕೋ, ದಿನಾ ಕೂಡಿ ಇರಬೋದು" ಅಂದಿದ್ದೆ. ನಮಗೆ ಆಗ ಹನ್ನೊಂದು ವರ್ಷ. ನಾನು ಬಂದೆ, ನೀನು ಬೆಂಡಿಗೇರಿಗೆ ಹೋದೆ. ಕೂಡಿ ಇದ್ದದ್ದು ಎಲ್ಲಿ?

ನಿನ್ನ ಕಾಗದ ಓದಿ ಮುಗಿಸಿದ ಮೇಲೆ ಸುಧಾಳಿಗೆ ಗಂಧಕದ ಮಾತು ಕೇಳಿದೆ. ಅವಳು ಹೇಳಿದಳು: "ಅಜ್ಜಿ ಖರೇ ಮಾಡ್ತಿದ್ಲು ಅವ್ವಾ. ಕಾಡಿಗಿ ಬೀಜದ ಮ್ಯಾಲೆ ಕುಂತಿರ್ತೈತಿ. ಗಂಧಕ ಹಚ್ಚಿದ್ರ ಅಲ್ಲೇ ಸಾಯ್ತೈತಿ. ಹಚ್ಚಲಿಲ್ಲ ಅಂದ್ರ ಮೊಳಕಿ ಒಳಗ ಹೊಕ್ಕೊಂಡು ಬಿಡ್ತೈತಿ." ನಾನು ಚಕ್ಕಲಿ ಒತ್ತುತ್ತಿದ್ದೆ. ಹಿಟ್ಟು ಕೈಯಲ್ಲೇ ಉಳಿಯಿತು.

ಅನ್ನಿ, ಆ ಬೀಜ ತೊಳೆದವಳು ನಾನು.

ಆ ಚೌತಿಗೆ ನಿಮ್ಮವ್ವನಿಗೆ ಜ್ವರ ಬಂದಿತ್ತು, ನೆನಪಿರಬೇಕು. "ಗಡಿಗ್ಯಾಗ ಬೀಜ ಹಸನ ಮಾಡಿ ಇಟ್ಟೇನಿ, ಅನ್ನಿ ಉಡಿಗೆ ನೀನಽ ಹಾಕು" ಎಂದು ನನಗೆ ಹೇಳಿ ಮಲಗಿದ್ದರು. ಈ ಮನೆಯ ಸೊಸೆಯಾಗಿ ನಾನು ಮೊದಲ ಸಲ ಉಡಿ ತುಂಬುವುದು, ಅದೂ ನಿನಗೆ. ಗಡಿಗೆಯ ಬಾಯಿ ತೆಗೆದರೆ ಆ ವಾಸನೆ. ಕಾಳೆಲ್ಲ ಹಳದಿ ಪುಡಿ. ನನ್ನ ಗೆಳತಿಯ ಉಡಿಗೆ, ಮುತ್ತೈದೆಯ ಉಡಿಗೆ ಇಂಥ ಔಷಧದ ನಾತ ಹೊಡೆಯುವ ಕಾಳು ಹಾಕುವುದೇ ಎಂದು ಮನಸ್ಸು ಒಪ್ಪಲಿಲ್ಲ. ಹಿತ್ತಲಲ್ಲಿ ಮೂರು ನೀರಿನಲ್ಲಿ ತೊಳೆದೆ. ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಒಣಗಿಸಿದೆ. ಅರಿಷಿಣ ಹಚ್ಚಿದೆ. ಕಾಳು ಮತ್ತೆ ಹಳದಿಯಾಗಿಯೇ ಕಂಡಿತು, ನಿಮ್ಮವ್ವನಿಗೂ ತಿಳಿಯಲಿಲ್ಲ. ನಿನ್ನ ಉಡಿಗೆ ಐದು ಬೊಗಸೆ ಹಾಕಿ, ಉಳಿದದ್ದನ್ನು ಚೀಲಕ್ಕೆ ತುಂಬಿ ಬಸ್ ಸ್ಟ್ಯಾಂಡಿನವರೆಗೆ ನಾನೇ ಹೊತ್ತು ತಂದೆ. ಎಷ್ಟು ಹಿಗ್ಗು ನನಗೆ ಅವತ್ತು.

ನೀನು ಕರಿ ತೆನೆ ತಂದು ಪಡಸಾಲೆಯಲ್ಲಿ ಬಿಚ್ಚಿದ ದಿನ ನಾನು ನಡುಮನೆಯ ಬಾಗಿಲ ಹಿಂದೆ ಇದ್ದೆ. "ನಮ್ಮ ಮನಿ ಬೀಜಕ್ಕ ಹೆಸರಿಡಾಕ ಬಂದಿ ಏನ? ನಮ್ಮಪ್ಪನ ಕಾಲದ ಬೀಜ ಅದು. ನಿಮ್ಮ ಹೊಲಾನಽ ಕೆಟ್ಟೈತಿ, ನಿಮ್ಮ ಮಂದಿ ಮನಸ್ಸಽ ಕೆಟ್ಟೈತಿ" ಎಂದು ನಿಮ್ಮಣ್ಣ ಕೂಗಿದರು. ನೀನು "ಇನ್ನ ಈ ಮನಿ ನೀರು ಮುಟ್ಟಂಗಿಲ್ಲ" ಎಂದು ಎದ್ದೆ. ತೊಳೆದದ್ದರಿಂದಲೇ ಹೀಗಾಯಿತು ಎಂದು ನನಗೆ ಆಗ ಪೂರ್ತಿ ಗೊತ್ತಿರಲಿಲ್ಲ. ಆದರೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನುಮಾನ ಇತ್ತು. ಅನುಮಾನ ಇದ್ದೂ ಬಾಯಿ ಬಿಡಲಿಲ್ಲ. ಇಪ್ಪತ್ತನಾಲ್ಕು ವರ್ಷ ಅದನ್ನು ಅನುಮಾನ ಎಂದೇ ಇಟ್ಟುಕೊಂಡೆ, ಮಗಳು ಬಂದು ಖಾತ್ರಿ ಮಾಡಿಬಿಟ್ಟಳು.

ಫೋನಿನಲ್ಲಿ ಹೇಳಬಹುದಿತ್ತು. ಸುಧಾ ನಂಬರು ಹುಡುಕಿಕೊಡುತ್ತೇನೆ ಎಂದಳು. ನೀನು ನಡುವೆ ಇಟ್ಟುಬಿಟ್ಟರೆ ಎಂಬ ಹೆದರಿಕೆಗೆ ಬರೆಯುತ್ತಿದ್ದೇನೆ. ಕ್ಷಮಿಸು.

ಮಂಜುಳಾ

---

ಹಿರೇಬೆಂಡಿಗೇರಿ
೨ ಜನವರಿ ೨೦೨೫

ಮಂಜಿ,

ಮೊನ್ನೆ ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆ ಹಿಡಿದು ಚರಗ ಚೆಲ್ಲಿ ಬಂದೆವು. ಸಜ್ಜಿರೊಟ್ಟಿ, ಪುಂಡಿಪಲ್ಯ, ಎಳ್ಳಹೋಳಿಗೆ. ಅವ್ವನ ಜೋಳ ಎದೆಯ ಮಟ್ಟ ಬಂದಿದೆ. ಅದರ ನಡುವೆ ನಿಂತು ನಿನ್ನ ಕಾಗದ ಇನ್ನೊಮ್ಮೆ ಓದಿದೆ.

ನನಗೆ ಗೊತ್ತಿತ್ತು.

ಇಲ್ಲಿ ಬಂದು ಉಡಿ ಬಿಚ್ಚಿದಾಗಲೇ ಗೊತ್ತಾಯಿತು. ಅವ್ವನ ಬೀಜ ಗಂಧಕದ ವಾಸನೆ ಹೊಡೆಯಬೇಕಾಗಿತ್ತು, ಅರಿಷಿಣದ ವಾಸನೆ ಬಂತು. ಮಂಜಿ ತೊಳೆದಿದ್ದಾಳೆ ಎಂದು ನನ್ನಷ್ಟಕ್ಕೆ ನಕ್ಕೆ. ಶಿಗ್ಗಾಂವಿಯ ಅಂಗಡಿಯಲ್ಲಿ ಗಂಧಕ ಸಿಗುತ್ತಿತ್ತು. ನಮ್ಮ ಮನೆಯವರು ವಾರಕ್ಕೆ ಎರಡು ಸಲ ಅಲ್ಲಿಗೆ ಹೋಗುವವರು, ಒಂದು ಮಾತು ಹೇಳಿದ್ದರೆ ತರುತ್ತಿದ್ದರು. ನಾನು ಹೇಳಲಿಲ್ಲ. ನೀನು ಅರಿಷಿಣ ಹಚ್ಚಿ ಕಳಿಸಿದ ಕಾಳಿಗೆ ಮತ್ತೆ ಆ ಪುಡಿ ಹಚ್ಚಲು ನನಗೂ ಮನಸ್ಸಾಗಲಿಲ್ಲ. ಒಂದು ವರ್ಷಕ್ಕೆ ಏನಾದೀತು ಎಂದು ಹಾಗೇ ಬಿತ್ತಿಸಿದೆ. ಹೀಗಾಗಿ ಬೀಜದ ತಪ್ಪನ್ನು ನೀನೊಬ್ಬಳೇ ಹೊರಬೇಕಾಗಿಲ್ಲ. ಅದರಲ್ಲಿ ಅರ್ಧ ನನಗಿರಲಿ.

ಆದರೆ ಇನ್ನೊಂದಿದೆ, ಅದನ್ನು ನಾನು ಹಂಚಿಕೊಳ್ಳುವುದಿಲ್ಲ.

ಅವತ್ತು ಹಾನಗಲ್ಲಿಗೆ ಬಂದದ್ದು ಜಗಳಕ್ಕಲ್ಲ. "ನೋಡವ್ವಾ, ನಿನ್ನ ಸೊಸಿ ಬೀಜ ತೊಳದಾಳ, ನಾನು ಹಂಗಽ ಬಿತ್ತೇನಿ, ಇಬ್ಬರೂ ಶ್ಯಾಣ್ಯಾರು" ಎಂದು ಅವ್ವನ ಮುಂದೆ ಹೇಳಿ, ಬೈಸಿಕೊಂಡು, ನಕ್ಕು, ಬೀಜ ಕೆಟ್ಟದ್ದಲ್ಲ, ತೊಳೆದದ್ದಕ್ಕೆ ಹೀಗಾಯಿತು ಎಂದು ಒಂದು ಮಾತು ಕಾಗದದ ಮೇಲೆ ಬರೆಸಿಕೊಂಡು ಹೋಗಿ ನಮ್ಮ ಮಾವನವರಿಗೆ ತೋರಿಸಬೇಕೆಂದು ಬಂದಿದ್ದೆ. ಅಷ್ಟರಲ್ಲಿ ಅಣ್ಣ ನನ್ನ ಮಾತು ಕೇಳುವಷ್ಟೂ ತಾಳದೆ ಕೂಗಿದ. ಅವನ ಸಿಟ್ಟು ನಿನಗಿಂತ ಮೊದಲು ನೋಡಿದವಳು ನಾನು. ಬಾಯಿಗೆ ಬಂದಿತ್ತು ನಿನ್ನ ಹೆಸರು. ಬಾಗಿಲ ಸಂದಿಯಲ್ಲಿ ನಿನ್ನ ಹೊಟ್ಟೆ ಕಂಡಿತು. ಆರು ವರ್ಷ ಕಾದು ನಿಂತ ಬಸಿರು. ಎರಡು ಓಣಿ ಆಚೆ ನಿನ್ನ ತವರು. ಆ ಸಿಟ್ಟಿನಲ್ಲಿ ಅವನು ನಿನ್ನನ್ನು ಊರೆಲ್ಲ ನೋಡುವಂತೆ ಅಲ್ಲಿಗೆ ನಡೆಸಿಕೊಂಡು ಹೋಗುತ್ತಾನೆ ಎನಿಸಿತು. ನುಂಗಿಕೊಂಡೆ.

ನುಂಗಿಕೊಂಡು ಕಾದೆ ಮಂಜಿ. ಅವನ ಸಿಟ್ಟು ಇಳಿದ ಮೇಲೆ, ಕೂಸು ಹುಟ್ಟಿದ ಮೇಲೆ, ನೀನೇ ಒಂದು ದಿನ "ಅನ್ನೀದು ತಪ್ಪಿಲ್ಲರಿ" ಎನ್ನುತ್ತೀಯ ಎಂದು ಕಾದೆ. ಬೀಜದ ಮಾತೂ ಬೇಡ, ಅಷ್ಟು ಅಂದರೆ ಸಾಕಿತ್ತು. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೋದಾಗ ನಾನು ಜೋಕಾಲಿಗೆ ಹಗ್ಗ ಕಟ್ಟಿಕೊಡುತ್ತ ಇಲ್ಲೇ ಉಳಿದೆ. "ಯಾಕವಾ, ನೀ ಹೋಗಂಗಿಲ್ಲೇನ" ಎಂದು ಕೇಳುವವರಿಗೆ ಪ್ರತಿ ವರ್ಷ ಹೊಸ ನೆವ. ಅವ್ವ ಸತ್ತ ದಿನ ಅವಳ ಕಾಲು ಹಿಡಿದು ಕೂತಾಗಲೂ ನೀನು ನನ್ನ ಎದುರಿಗೇ ಇದ್ದೆ. ಅವತ್ತೂ ಏನೂ ಅನ್ನಲಿಲ್ಲ.

ಈಗ ಕ್ಷಮಿಸು ಎಂದು ನನಗೆ ಬರೆಯುತ್ತೀಯ. ಹೇಳಬೇಕಾದವನು ನಿನ್ನ ಪಕ್ಕದಲ್ಲೇ ಕೂತು ಎರಡು ಹೊತ್ತು ಉಣ್ಣುತ್ತಾನೆ. ಅವನಿಗೆ ಹೇಳು. ಅಲ್ಲಿಯವರೆಗೆ ನನಗೆ ಬರೆಯಬೇಡ.

ಅನ್ನಿ ಎಂದೇ ಕರೆ. ಅದನ್ನು ನಾನು ಬೇಡ ಎಂದಿಲ್ಲ.

ಅನ್ನವ್ವ

---

ಹಾನಗಲ್
೨೦ ಜನವರಿ ೨೦೨೫

ಅನ್ನಿ,

ಬರೆಯಬೇಡ ಅಂದಿದ್ದೀಯ. ಆದರೂ ಬರೆದೆ, ಬೇಕಾದರೆ ಒಲೆಗೆ ಹಾಕು.

ಸಂಕ್ರಾಂತಿಯ ದಿನ ಹೇಳಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಎಳ್ಳು ಬೆಲ್ಲ ಕೊಟ್ಟು ಎದುರಿಗೆ ಕೂತೆ. ಅವರು "ಏನಽ ಮಾರಿ ಹಂಗ್ಯಾಕ ಮಾಡಿ, ಮೈಯಾಗ ಆರಾಮ ಇಲ್ಲೇ?" ಎಂದು ಕೇಳಿದರು. ಸಿಟ್ಟಿನ ಮನುಷ್ಯ ನಿಜ, ಆದರೆ ವಯಸ್ಸಾದಂತೆ ಮೆತ್ತಗಾಗಿದ್ದಾರೆ. ಹಾಗೆ ಕೇಳಿದ ಮೇಲೆ "ಏನಿಲ್ಲರಿ" ಎಂದು ಎದ್ದು ಒಳಗೆ ಹೋದೆ. ಮೊದಲು ಅವರ ಸಿಟ್ಟಿಗೆ ಹೆದರಿ ಹೇಳಲಿಲ್ಲ. ಈಗ ಅವರು ನನ್ನ ಮೇಲೆ ಇಟ್ಟ ಭರವಸೆಗೆ ಹೆದರುತ್ತೇನೆ. ಊರಲ್ಲಿ ಯಾರಾದರೂ ಸುಳ್ಳು ಹೇಳಿದರೆ "ನಮ್ಮ ಮಂಜುಳಾನ್ನ ನೋಡಿ ಕಲೀರಿ, ಒಂದು ಸುಳ್ಳಿಲ್ಲ ಆಕಿ ಬಾಯಾಗ" ಎನ್ನುವ ಮನುಷ್ಯನಿಗೆ ಹೇಗೆ ಹೇಳಲಿ?

ನಿನ್ನ ಕಾಗದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಪ್ರತಿ ದಿನ ರೊಟ್ಟಿಗೆ ಹಿಟ್ಟು ತೆಗೆಯುವಾಗ ಒಮ್ಮೆ ಓದುತ್ತೇನೆ. ನನ್ನ ಸಲುವಾಗಿ ನೀನು ಪಂಚಮಿ ಬಿಟ್ಟೆ ಎಂಬಲ್ಲಿಗೆ ಬಂದಾಗ ಮುಂದೆ ಓದಲಾಗುವುದಿಲ್ಲ.

ಹೇಳುತ್ತೇನೆ. ಇನ್ನು ಸ್ವಲ್ಪ ದಿನ ಕೊಡು.

ಮಂಜಿ

---

ಹಾನಗಲ್
೧೭ ಫೆಬ್ರುವರಿ ೨೦೨೫, ಸೋಮವಾರ

ಅನ್ನಿ,

ಹೇಳಿದೆ.

ಸುಧಾ ಎರಡು ದಿನ ರಜೆಗೆ ಬಂದಿದ್ದಳು. ಮೂವರೂ ಕಬ್ಬಿನ ಹೊಲಕ್ಕೆ ಹೋಗಿದ್ದೆವು. ಒಂದು ಕಬ್ಬಿನ ಸುಳಿಯಿಂದ ಬಾರಕೋಲಿನ ಹಾಗೆ ಮಾರುದ್ದದ ಕರಿ ಚಾಟಿ ಹೊರಬಿದ್ದಿತ್ತು, ತುದಿ ಬಾಗಿದ್ದು, ಮುಟ್ಟಿದರೆ ಮಸಿ. ಇವರು "ಇದೇನ ಇದು" ಎಂದರು. ಸುಧಾ ತಟ್ಟನೆ ಗೊಬ್ಬರದ ಚೀಲ ಅದರ ಮೇಲೆ ಮುಚ್ಚಿ, ಬುಡಸಮೇತ ಕೀಳಬೇಕು, ಪುಡಿ ಹಾರಬಾರದು ಎಂದು ಕಿತ್ತಳು. "ಇದೂ ಕಾಡಿಗೀನಽ ಅಪ್ಪಾ. ಜೋಳದ ಕಾಡಿಗಿ ಮನೆತನದ್ದು. ನಾಟಿ ಮಾಡಿದ ತುಂಡಿನ್ಯಾಗ ಬಂದಿರ್ತೈತಿ" ಎಂದಳು. ಇವರು ನಕ್ಕರು. ನಕ್ಕು, "ಹಂಗಾರ ಇದು ನಮ್ಮ ಅನ್ನಿ ಶಾಪಾನಽ" ಎಂದರು.

ಇಷ್ಟು ವರ್ಷಗಳಲ್ಲಿ ಅವರು ನಿನ್ನ ಹೆಸರು ಎತ್ತಿದ್ದು ಅದೇ ಮೊದಲು. ಅದೂ ಹಾಗೆ. "ಅನ್ನೀದು ತಪ್ಪಿಲ್ಲರಿ, ಬೀಜ ತೊಳದಾಕಿ ನಾನು" ಎಂದೆ. ಎಲ್ಲ ಹೇಳಿದೆ. ಗಡಿಗೆ, ಮೂರು ನೀರು, ಅರಿಷಿಣ, ಬಾಗಿಲು. ಸುಧಾ ಚೀಲ ಹಿಡಿದುಕೊಂಡು ಹಾಗೇ ನಿಂತಿದ್ದಳು. ಅವರು ಬದುವಿನ ಮೇಲೆ ಕೂತರು. ಬೈಯಲಿಲ್ಲ. ಒಂದೇ ಕೇಳಿದರು:

"ಆಕಿಗೆ ಗೊತ್ತಿತ್ತೇನು?"

"ಗೊತ್ತಿತ್ತರಿ."

"ಗೊತ್ತಿದ್ದೂ ಹೇಳ್ಲಿಲ್ಲಾ?"

"ಹೇಳ್ಲಿಲ್ಲ."

ಎದ್ದು ಮನೆಗೆ ಹೋದರು. ಅಲ್ಲಿಂದ ಹನ್ನೊಂದು ದಿನ ನನ್ನ ಹತ್ತಿರ ಮಾತಿಲ್ಲ. ಹಾಕಿದ್ದು ಉಣ್ಣುವುದು, ಹೊಲಕ್ಕೆ ಹೋಗುವುದು, ಬರುವುದು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನಾನೇ ಎರಡು ಸಲ ಅರಿವೆ ಚೀಲಕ್ಕೆ ತುಂಬಿ ಎರಡು ಓಣಿ ಆಚೆ ಹೋಗಿಬಿಡಲೇ ಎಂದು ಯೋಚಿಸಿ ಮತ್ತೆ ತೆಗೆದಿಟ್ಟೆ. ಅಲ್ಲಿ ಈಗ ಅಪ್ಪ ಅವ್ವ ಯಾರೂ ಇಲ್ಲ, ಹೋಗಿ ಯಾರ ಮುಂದೆ ಕೂರಲಿ?

ಇವತ್ತು ಬೆಳಿಗ್ಗೆ ಗಡ್ಡ ಬೋಳಿಸಿಕೊಂಡರು. ಪೆಟ್ಟಿಗೆಯಿಂದ ಬಿಳಿ ಧೋತರ, ನೆಹರು ಶರ್ಟು ತೆಗೆದರು. ನಾನು ಚಹಾ ಕೊಟ್ಟೆ, ಕುಡಿದರು. "ಎಲ್ಲಿಗೆ ಹೊಂಟ್ರಿ?" ಎಂದೆ. "ಶಿಗ್ಗಾಂವಿ ಕಡೆ" ಎಂದರು. ಅಷ್ಟೇ.

ಈ ಕಾಗದ ನಿನಗೆ ಮುಟ್ಟುವ ಮೊದಲೇ ಅವರು ನಿನ್ನ ಬಾಗಿಲಿಗೆ ಬಂದಿರುತ್ತಾರೆ. ಸಿಟ್ಟಿನಿಂದ ಹೋದರೋ, ಮತ್ತೆ ಹೇಗೋ, ನನಗೆ ತಿಳಿಯಲಿಲ್ಲ. ಬೈಯುವುದಿದ್ದರೆ ಮನಸ್ಸು ತುಂಬ ಬೈ. ಆದರೆ ಅವರಿಗೆ ಸಕ್ಕರೆ ಕಾಯಿಲೆ ಇದೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಮಧ್ಯಾಹ್ನದ ಗುಳಿಗೆ ಅಂಗಿಯ ಜೇಬಿನಲ್ಲಿ ಹಾಕಿದ್ದೇನೆ, ಅವರಿಗೆ ಗೊತ್ತಿಲ್ಲ. ನೆನಪು ಮಾಡು.

ಮಂಜಿ

---

ಹಿರೇಬೆಂಡಿಗೇರಿ
೧೮ ಫೆಬ್ರುವರಿ ೨೦೨೫

ಮಂಜಿ,

ಈ ಕಾಗದ ಅಣ್ಣನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಬಸ್ಸಿನಲ್ಲಿ ಒಡೆದು ಓದುತ್ತಾನೆ, ನನಗೆ ಗೊತ್ತು. ಓದಲಿ.

ನಿನ್ನೆ ನಾನು ಶೇಂಗಾ ಸುಲಿಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಯಾರೋ ಮುದುಕ ಬಂದು ನಿಂತ. ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ನಮ್ಮಪ್ಪನೇ ಬಂದಿದ್ದಾನೆ ಎನಿಸಿಬಿಟ್ಟಿತು, ಅದೇ ನಡಿಗೆ, ಅದೇ ಬೋಳುತಲೆ. ನಾನು ಏಳಲಿಲ್ಲ. ಅವನು ಚಪ್ಪಲಿ ಬಿಟ್ಟು ನನ್ನ ಎದುರಿಗೆ ನೆಲದ ಮೇಲೆ ಕೂತ. ನಮ್ಮ ಮನೆಯವರು ಖುರ್ಚಿ ತಂದರು, "ಇರ್ಲಿರಿ" ಅಂದ. ಕುಕ್ಕೆಯಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡು ತಾನೂ ಸುಲಿಯತೊಡಗಿದ. ಎಷ್ಟೋ ಹೊತ್ತು ಇಬ್ಬರೂ ಸುಲಿದೆವು.

ಆಮೇಲೆ ಕೇಳಿದ. "ಯಾಕ ಹೇಳ್ಲಿಲ್ಲ ನೀ?"

"ಹೇಳಿದ್ರ ಮಂಜೀನ್ನ ಏನ ಮಾಡ್ತಿದ್ದಿ? ಖರೇ ಹೇಳು."

ಅವನು ಸಿಪ್ಪೆ ಆರಿಸುತ್ತ ಕೂತ. "ಆಗಿನ ಸಿಟ್ಟಿನ್ಯಾಗ… ಅವರ ಮನಿಗೆ ಬಿಟ್ಟು ಬರ್ತಿದ್ದೆ."

"ಬಸುರಿ ಇದ್ಲು."

"ಆದ್ರೂ ಬಿಟ್ಟು ಬರ್ತಿದ್ದೆ."

"ಮತ್ತ ಕರಕೊಂಡು ಬರ್ತಿದ್ದೇನು?"

"ಗೊತ್ತಿಲ್ಲ ಅನ್ನಿ" ಎಂದ. ಹಾಗೆಂದು ಅಳತೊಡಗಿದ. ನಮ್ಮಣ್ಣ ಅಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಪ್ಪ ಸತ್ತಾಗಲೂ ಕುಣಿ ತೋಡಿಸುತ್ತ, ಮಂದಿಗೆ ಚಹಾ ಹೇಳುತ್ತ ತಿರುಗಾಡಿದವನು. "ನಿನ್ನ ಮ್ಯಾಲಿನ ಸಿಟ್ಟು ಹಿಡಕೊಂಡಽ ಇಷ್ಟು ವರ್ಷ ದಾಟಿದೆ. ಈಗ ಅದನ್ನ ಎಲ್ಲಿ ಇಡ್ಲಿ? ಮಂಜುಳಾನ ಮ್ಯಾಲೆ ಇಡಾಕ ಹೋದೆ, ಹನ್ನೊಂದು ದಿನ ನೋಡಿದೆ. ಅಲ್ಲಿ ನಿಲ್ಲವಲ್ದು. ಆಕಿ ಹೆದರಿದ್ದು ನನಗಽ ಅಲ್ಲೇನು?" ಎಂದ. ನಾನು ಎದ್ದು ಒಳಗೆ ಹೋಗಿ ರೊಟ್ಟಿ ಬಡಿದೆ. ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಉಂಡ. ರಾತ್ರಿ ಇಲ್ಲೇ ಉಳಿದ. ಅಪ್ಪನ ಎತ್ತುಗಳ ಹೆಸರು ಹೇಳುವುದರಲ್ಲಿ ಅವನಿಗೂ ನನಗೂ ಜಗಳ ಬಂತು, ನಮ್ಮ ಮನೆಯವರು ಬಿಡಿಸಿದರು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ ಮಂಜಿ. ಅವ್ವನ ಕೊನೆಯ ಹತ್ತು ವರ್ಷ ನನಗೆ ಸಿಗಲಿಲ್ಲ. ಅವಳು ಏನು ಉಣ್ಣುತ್ತಿದ್ದಳು, ನನ್ನ ಹೆಸರು ಹಿಡಿದು ಕರೆಯುತ್ತಿದ್ದಳೇ ಇಲ್ಲವೇ, ಕೊನೆಗೆ ಏನು ಅಂದಳು, ಒಂದೂ ನನಗೆ ಗೊತ್ತಿಲ್ಲ. ಅದನ್ನೆಲ್ಲ ನೀನು ಒಂದೊಂದಾಗಿ ಹೇಳಬೇಕು, ನಾನು ಕೇಳುತ್ತ ನಿನ್ನನ್ನು ಬೈಯಬೇಕು. ಇದು ಕಾಗದದಲ್ಲಿ ಮುಗಿಯುವ ಕೆಲಸವಲ್ಲ.

ಬರುವ ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹಾನಗಲ್ಲಿಗೆ ಬರುತ್ತೇನೆ. ಅಣ್ಣ ಸ್ಟ್ಯಾಂಡಿಗೆ ತಾನೇ ಬರುತ್ತೇನೆ ಎನ್ನುತ್ತಿದ್ದಾನೆ. ಅವನನ್ನು ಕಳಿಸಬೇಡ. ನೀನೇ ಬಾ. ನಾನು ಇಳಿದ ಕೂಡಲೇ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ದೊಡ್ಡ ದನಿ ಮಾಡಿ ನನ್ನ ಹೆಸರು ಕೂಗು.

ಅನ್ನಿ